ಹಿಂದಿನ ಚಕ್ರದ ಬ್ರೇಕ್ ಪ್ಯಾಡ್ ಒಂದೇ ಕಡೆ ಸವೆಯುತ್ತಿದೆಯಾ? ಹಳೇ ಪ್ಯಾಡ್ ಎಸೆಯುವ ಮುಂಚೆ ಇಷ್ಟು ನೋಡಿ

2023ರ ಆಯುಧಪೂಜೆಗೆ ಕಾರು ತೊಳೆಯುವಾಗ ಎಡಗಡೆ ಹಿಂದಿನ ಚಕ್ರದಲ್ಲಿ ಕಪ್ಪು ಪುಡಿ ಕಂಡಿತು. ಬಲಗಡೆ ಚಕ್ರದಲ್ಲಿ ಬರೀ ಕೆಂಪು ಧೂಳು. ಎಡಗಡೆಯದರಲ್ಲಿ ಮಾತ್ರ ಇದ್ದಿಲು ಉಜ್ಜಿದ ಹಾಗೆ ಕಪ್ಪು. ಅದರ ಅರ್ಥ ಆಗ ನನಗೆ ಹೊಳೆಯಲಿಲ್ಲ. ಸೋಪು ಹಾಕಿ ಒರೆಸಿದೆ, ಪೂಜೆ ಮಾಡಿ ಚಕ್ರಕ್ಕೆ ನಿಂಬೆಹಣ್ಣು ಇಟ್ಟು ಹತ್ತಿಸಿದೆ, ಮರೆತುಬಿಟ್ಟೆ. ಎರಡು ತಿಂಗಳಾದ ಮೇಲೆ ಅದೇ ಚಕ್ರದಿಂದ ಕಬ್ಬಿಣಕ್ಕೆ ಕಬ್ಬಿಣ ಉಜ್ಜುವ ಸದ್ದು ಶುರುವಾಯಿತು.

ನಾನು ಮಂಡ್ಯದಿಂದ ಮೈಸೂರಿಗೆ ದಿನಾ ಹೋಗಿ ಬರುವವನು. ಒಂದು ಕಡೆಗೆ ಸುಮಾರು 45 ಕಿ.ಮೀ. 2023ರ ಮಾರ್ಚ್‌ನಲ್ಲಿ ಹೊಸ ಹೆದ್ದಾರಿ ಉದ್ಘಾಟನೆ ಆದ ಮೇಲೆ ಈ ದಾರಿಯಲ್ಲಿ ಬ್ರೇಕ್ ಒತ್ತುವ ಕೆಲಸವೇ ಕಡಿಮೆ. ಮೈಸೂರು ರಿಂಗ್ ರೋಡಿನ ಸಿಗ್ನಲ್‌ಗಳಲ್ಲಿ ಎಷ್ಟು ಒತ್ತುತ್ತೇವೋ ಅಷ್ಟೇ. ಹಿಂದಿನ ಚಕ್ರಗಳ ಪ್ಯಾಡ್‌ಗಳನ್ನು ಅದೇ ಬೇಸಿಗೆಯಲ್ಲಿ ಹೊಸದಾಗಿ ಹಾಕಿಸಿದ್ದೆ. ಏಳೆಂಟು ತಿಂಗಳಿಗೇ ಮತ್ತೆ ಖಾಲಿ ಅಂದರೆ ಅದು ಮಾಮೂಲಿ ಸವೆತ ಅಲ್ಲ. ಬೇಸಿಗೆಯಲ್ಲಿ ಗ್ಯಾರೇಜಿನವರು ಹಳೆಯದನ್ನು ಡಬ್ಬಕ್ಕೆ ಹಾಕಿ ಹೊಸದನ್ನು ಕೂರಿಸಿ ಕಳಿಸಿದ್ದರು. ಯಾಕೆ ಸವೆಯಿತು ಅಂತ ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಈ ಸಲ ನಾಲ್ಕೂ ಹಳೇ ಪ್ಯಾಡ್‌ಗಳನ್ನು ನಾನೇ ಬಿಚ್ಚಿ ಪೇಪರ್ ಮೇಲೆ ಸಾಲಾಗಿ ಇಟ್ಟೆ. ಬಲಗಡೆಯ ಎರಡೂ 7 ಮಿ.ಮೀ. ಇದ್ದವು. ಎಡಗಡೆ ಹೊರಗಿನದು ಒಂದು ತುದಿಯಲ್ಲಿ 8, ಇನ್ನೊಂದು ತುದಿಯಲ್ಲಿ 6. ಎಡಗಡೆ ಒಳಗಿನದರಲ್ಲಿ ಏನೂ ಉಳಿದಿರಲಿಲ್ಲ, ಹಿಂಬದಿಯ ಕಬ್ಬಿಣದ ಪಟ್ಟಿಯೇ ಡಿಸ್ಕಿಗೆ ಉಜ್ಜಿ ಹೊಳೆಯುತ್ತಿತ್ತು.

ಆ ನಾಲ್ಕು ಪ್ಯಾಡ್‌ಗಳಲ್ಲೇ ರೋಗ ಏನು ಅಂತ ಬರೆದಿತ್ತು. ಅದನ್ನು ಓದುವುದು ಹೇಗೆ, ಅಲ್ಲಿಂದ ಮೂಲ ಕಾರಣದವರೆಗೆ ಹೋಗುವುದು ಹೇಗೆ ಅಂತ ಒಂದೊಂದೇ ಹೆಜ್ಜೆಯಾಗಿ ಹೇಳುತ್ತೇನೆ. ಕಾರಣ ಹುಡುಕದೆ ಪ್ಯಾಡ್ ಮಾತ್ರ ಬದಲಾಯಿಸಿದರೆ ದುಡ್ಡು ನೀರಿಗೆ ಹಾಕಿದ ಹಾಗೆ. ದುಡ್ಡು ಹೋದರೆ ಹೋಗಲಿ, ಒಂದು ಚಕ್ರ ಬ್ರೇಕ್ ಹಿಡಿಯದೆ ಇದ್ದರೆ ಮಳೆ ರಸ್ತೆಯಲ್ಲಿ ಕಾರು ಎಳೆದುಕೊಂಡು ಹೋಗುತ್ತದೆ.

ಇದು ಹಿಂದೆ ಡಿಸ್ಕ್ ಬ್ರೇಕ್ ಇರುವ ಕಾರುಗಳ ಮಾತು. ನಮ್ಮಲ್ಲಿ ಸಣ್ಣ ಕಾರುಗಳಲ್ಲಿ ಜಾಸ್ತಿ ಪಾಲು ಹಿಂದೆ ಡ್ರಮ್ ಇರುತ್ತದೆ, ಅದರೊಳಗೆ ಪ್ಯಾಡ್ ಅಲ್ಲ, ಶೂ. ಚಕ್ರದ ಸಂದಿಯಲ್ಲಿ ಹೊಳೆಯುವ ತಟ್ಟೆ ಕಂಡರೆ ಡಿಸ್ಕ್, ಮುಚ್ಚಿದ ಕಬ್ಬಿಣದ ಬೋಗುಣಿ ಕಂಡರೆ ಡ್ರಮ್.

ಕ್ಯಾಲಿಪರ್ ಹೇಗೆ ಕೆಲಸ ಮಾಡುತ್ತದೆ

ಇದೊಂದು ಗೊತ್ತಾದರೆ ಉಳಿದದ್ದೆಲ್ಲ ತಾನಾಗಿ ಅರ್ಥ ಆಗುತ್ತದೆ. ಬಡಗಿಗಳ ಹತ್ತಿರ ಕ್ಲಾಂಪ್ ನೋಡಿರುತ್ತೀರಿ. ತಿರುಪು ಇರುವುದು ಒಂದೇ ಕಡೆ. ಆದರೂ ಹಲಗೆಯನ್ನು ಎರಡೂ ಕಡೆಯಿಂದ ಸಮನಾಗಿ ಹಿಡಿಯುತ್ತದೆ. ಹಿಂದಿನ ಚಕ್ರದ ಕ್ಯಾಲಿಪರ್, ಅಂದರೆ ಪ್ಯಾಡ್‌ಗಳನ್ನು ಡಿಸ್ಕಿಗೆ ಒತ್ತಿ ಹಿಡಿಯುವ ಭಾಗ, ಕೂಡ ಸಾಮಾನ್ಯವಾಗಿ ಹಾಗೇ. ಬ್ರೇಕ್ ಆಯಿಲ್ ಒತ್ತಡಕ್ಕೆ ಮುಂದೆ ಬರುವ ಪಿಸ್ಟನ್ ಇರುವುದು ಒಳಗಡೆ ಮಾತ್ರ. ಬ್ರೇಕ್ ಒತ್ತಿದಾಗ ಪಿಸ್ಟನ್ ಮುಂದೆ ಬಂದು ಒಳಗಿನ ಪ್ಯಾಡನ್ನು ಡಿಸ್ಕಿಗೆ ತಳ್ಳುತ್ತದೆ. ಡಿಸ್ಕ್ ಅಲ್ಲಾಡುವುದಿಲ್ಲ. ಹಾಗಾಗಿ ಇಡೀ ಕ್ಯಾಲಿಪರ್ ಎರಡು ಪಿನ್‌ಗಳ ಮೇಲೆ ಒಳಗಡೆಗೆ ಜಾರಿ, ಹೊರಗಿನ ಪ್ಯಾಡನ್ನು ಎಳೆದು ತಂದು ಡಿಸ್ಕಿಗೆ ಒತ್ತುತ್ತದೆ.

ಬ್ರೇಕ್ ಬಿಟ್ಟಾಗ ಪಿಸ್ಟನ್ನನ್ನು ಹಿಂದಕ್ಕೆ ಎಳೆಯಲು ಯಾವ ಸ್ಪ್ರಿಂಗೂ ಇಲ್ಲ. ಅದರ ಸುತ್ತ ಇರುವ ರಬ್ಬರ್ ಸೀಲ್ ಒತ್ತಿದಾಗ ಸ್ವಲ್ಪ ತಿರುಚಿಕೊಂಡಿರುತ್ತದೆ, ಬಿಟ್ಟಾಗ ನೆಟ್ಟಗಾಗುತ್ತದೆ. ಆ ಕೂದಲೆಳೆಯಷ್ಟು ಜಾಗದಲ್ಲೇ ಡಿಸ್ಕ್ ಫ್ರೀಯಾಗಿ ತಿರುಗಬೇಕು. ಪಿನ್ ಜಾರಬೇಕು, ಪ್ಯಾಡ್ ತನ್ನ ಗೂಡಿನಲ್ಲಿ ಸರಾಗವಾಗಿ ಆಡಬೇಕು, ಪಿಸ್ಟನ್ ಹಿಂದೆ ಬರಬೇಕು. ಮೂರರಲ್ಲಿ ಒಂದು ಕೈ ಕೊಟ್ಟರೂ ಸವೆತ ಓರೆಕೋರೆ ಆಗುತ್ತದೆ. ಹಿಂದಿನ ಚಕ್ರಕ್ಕೆ ಇದರ ಜೊತೆ ಹ್ಯಾಂಡ್‌ಬ್ರೇಕ್ ಅನ್ನುವ ನಾಲ್ಕನೆಯದೂ ಇದೆ.

ಬಿಚ್ಚುವ ಮುಂಚೆ: ಬಿಸಿ ನೋಡಿ, ಚಕ್ರ ತಿರುಗಿಸಿ

ಮೊದಲ ಪರೀಕ್ಷೆಗೆ ಸ್ಪ್ಯಾನರ್ ಬೇಡ. ಬ್ರೇಕ್ ಆದಷ್ಟು ಮುಟ್ಟದೆ ಹದಿನೈದು ಕಿ.ಮೀ. ಓಡಿಸಿ. ಮಂಡ್ಯ–ಶ್ರೀರಂಗಪಟ್ಟಣದ ನಡುವಿನ ನೇರ ರಸ್ತೆ ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ. ಆದರೆ ಹೆದ್ದಾರಿಯ ಅಂಚಿನಲ್ಲಿ ಖಂಡಿತ ನಿಲ್ಲಿಸಬೇಡಿ. ಸರ್ವೀಸ್ ರಸ್ತೆಗೆ ಇಳಿದು, ಗೇರ್ ಇಳಿಸುತ್ತಾ ವೇಗ ಕಡಿಮೆ ಮಾಡಿ, ಕೊನೆಯಲ್ಲಿ ಮಾತ್ರ ಮೆಲ್ಲಗೆ ಬ್ರೇಕ್ ಒತ್ತಿ ನಿಲ್ಲಿಸಿ. ಈಗ ಎರಡೂ ಹಿಂದಿನ ಡಿಸ್ಕ್‌ಗಳ ಬಿಸಿ ನೋಡಿ. ಕೈಯಲ್ಲಿ ಮುಟ್ಟಬೇಡಿ, ಸುಡುತ್ತದೆ. ಲೇಸರ್ ಚುಕ್ಕೆ ಬರುವ ಗನ್ ಥರ್ಮಾಮೀಟರ್ ಇದ್ದರೆ ಚಕ್ರದ ಸಂದಿಯಿಂದ ಹಿಡಿದು ನೋಡಬಹುದು. ಕೊರೋನಾ ಕಾಲದಲ್ಲಿ ಹಣೆಗೆ ಹಿಡಿಯುತ್ತಿದ್ದದ್ದು ಇದಕ್ಕೆ ಆಗಲ್ಲ, ಅದು ಮೈ ಬಿಸಿಯ ಮಟ್ಟಿಗಷ್ಟೇ ಅಳೆಯುತ್ತದೆ. ಇನ್ನೊಂದು ಮಾತು: ಹೊಳೆಯುವ ಲೋಹದ ಮೇಲೆ ಈ ಗನ್ ಇರುವುದಕ್ಕಿಂತ ಕಡಿಮೆ ಬಿಸಿ ತೋರಿಸುತ್ತದೆ. ಹಾಗಾಗಿ ಅಂಕಿ ಎಷ್ಟು ಅನ್ನುವುದಕ್ಕಿಂತ ಎಡಕ್ಕೂ ಬಲಕ್ಕೂ ವ್ಯತ್ಯಾಸ ಎಷ್ಟು ಅನ್ನುವುದು ಮುಖ್ಯ. ಎರಡೂ ಕಡೆ ಒಂದೇ ಜಾಗಕ್ಕೆ, ಅದೇ ದೂರದಿಂದ ಹಿಡಿಯಿರಿ.

ನನ್ನ ಕಾರಿನಲ್ಲಿ ಬಲಗಡೆ 48 ಡಿಗ್ರಿ, ಎಡಗಡೆ 112. ಅಷ್ಟು ವ್ಯತ್ಯಾಸ ಕಂಡ ಮೇಲೆ ಇನ್ನೇನು ಅನುಮಾನ ಉಳಿಯುತ್ತದೆ? ಎಡಗಡೆ ಬ್ರೇಕ್ ಬಿಟ್ಟ ಮೇಲೂ ಹಿಡಿದೇ ಇತ್ತು. ಗನ್ ಇಲ್ಲದಿದ್ದರೆ ಅಂಗೈಯನ್ನು ಚಕ್ರದ ಹತ್ತಿರ ತಂದರೂ ದೊಡ್ಡ ವ್ಯತ್ಯಾಸ ಗೊತ್ತಾಗುತ್ತದೆ. ಚಾಮುಂಡಿ ಬೆಟ್ಟ ಇಳಿದು ಬಂದ ತಕ್ಷಣ ಮಾತ್ರ ಈ ಪರೀಕ್ಷೆ ಮಾಡಬೇಡಿ. ಇಳಿಜಾರಿನಲ್ಲಿ ಬ್ರೇಕ್ ಒತ್ತಿ ನಾಲ್ಕೂ ಚಕ್ರ ಬಿಸಿಯಾಗಿರುತ್ತವೆ, ಏನೂ ತಿಳಿಯುವುದಿಲ್ಲ.

ಮುಂದಿನದು ಚಕ್ರ ಎತ್ತಿ ನೋಡುವುದು. ಸಮತಟ್ಟು ಜಾಗ ಬೇಕು. ಹ್ಯಾಂಡ್‌ಬ್ರೇಕ್ ಬಿಟ್ಟಿರಬೇಕಾದ್ದರಿಂದ ಮುಂದಿನ ಎರಡೂ ಚಕ್ರಗಳಿಗೆ ಹಿಂದೆ ಮುಂದೆ ಗಟ್ಟಿ ಕಲ್ಲು ಕೊಡಿ. ಮುಂದಿನ ಚಕ್ರದಿಂದ ಓಡುವ ಕಾರಾದರೆ ಮೊದಲ ಗೇರಿನಲ್ಲಿ ಇಡಿ. ಆಟೋಮ್ಯಾಟಿಕ್ ಆದರೆ ಪಾರ್ಕ್‌ನಲ್ಲಿ. ಹಿಂದಿನ ಚಕ್ರದಿಂದ ಅಥವಾ ನಾಲ್ಕೂ ಚಕ್ರದಿಂದ ಓಡುವ ಗಾಡಿಯಾದರೆ ಇದನ್ನು ಗ್ಯಾರೇಜಿನ ಲಿಫ್ಟ್ ಮೇಲೇ ಮಾಡಿಸಿ. ಚಕ್ರದ ನಟ್ಟುಗಳನ್ನು ನೆಲದಲ್ಲಿರುವಾಗಲೇ ಒಂದು ಸುತ್ತು ಸಡಿಲ ಮಾಡಿ, ಆಮೇಲೆ ಜಾಕ್ ಏರಿಸಿ, ಕೆಳಗೆ ಸ್ಟ್ಯಾಂಡ್ ಕೊಡಿ. ಬರೀ ಜಾಕ್ ನಂಬಿ ಕಾರಿನ ಕೆಳಗೆ ಕೈ ಕೂಡ ಹಾಕಬೇಡಿ. ಜಾಕ್ ಜಾರಿದರೆ ಯೋಚನೆ ಮಾಡುವಷ್ಟೂ ಹೊತ್ತು ಸಿಗುವುದಿಲ್ಲ.

ಈಗ ಚಕ್ರವನ್ನು ಕೈಯಲ್ಲಿ ಜೋರಾಗಿ ತಿರುಗಿಸಿ ಬಿಡಿ. ತೆಳುವಾಗಿ ಸರ್ ಅಂತ ಸದ್ದು ಬಂದು ಒಂದು ಸುತ್ತಾದರೂ ತಿರುಗಿದರೆ ತೊಂದರೆ ಇಲ್ಲ. ಕೈ ಬಿಟ್ಟ ತಕ್ಷಣ ನಿಂತರೆ ಹಿಡಿಯುತ್ತಿದೆ ಅಂತ ಅರ್ಥ. ಇನ್ನೊಂದು ಕಡೆಯನ್ನೂ ಹೀಗೇ ನೋಡಿ ಹೋಲಿಸಿ. ಆಮೇಲೆ ಮನೆಯವರೊಬ್ಬರನ್ನು ಕೂರಿಸಿ ಬ್ರೇಕ್ ಪೆಡಲ್ ಗಟ್ಟಿಯಾಗಿ ಒತ್ತಿ ಬಿಡಲು ಹೇಳಿ. ಮತ್ತೆ ತಿರುಗಿಸಿ. ಕೊನೆಗೆ ಹ್ಯಾಂಡ್‌ಬ್ರೇಕ್ ಎಳೆದು ಬಿಡಿಸಿ, ಮತ್ತೆ ತಿರುಗಿಸಿ.

ಈ ಕ್ರಮ ತಪ್ಪಿಸಬೇಡಿ. ಪೆಡಲ್ ಬಿಟ್ಟ ಮೇಲೆ ಬಿಗಿಯಾದರೆ ಪಿನ್, ಪಿಸ್ಟನ್ ಅಥವಾ ಹೋಸ್ (ಕ್ಯಾಲಿಪರಿಗೆ ಬ್ರೇಕ್ ಆಯಿಲ್ ತರುವ ರಬ್ಬರ್ ಪೈಪು) ಕಡೆ ನೋಡಬೇಕು. ಪೆಡಲ್ ಬಿಟ್ಟಾಗ ಫ್ರೀ ಇದ್ದು ಹ್ಯಾಂಡ್‌ಬ್ರೇಕ್ ಬಿಟ್ಟ ಮೇಲೆ ಬಿಗಿಯಾದರೆ ಕೇಬಲ್ ಅಥವಾ ಲಿವರ್. ಐದು ನಿಮಿಷದ ಕೆಲಸ, ಅರ್ಧ ದಿನದ ಹುಡುಕಾಟ ಉಳಿಯುತ್ತದೆ.

ಹಳೇ ಪ್ಯಾಡ್ ಓದುವುದು

ಚಕ್ರ ಬಿಚ್ಚಿದ ಮೇಲೆ ಏನನ್ನೂ ಮುಟ್ಟುವ ಮುಂಚೆ ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಪ್ಯಾಡ್ ತೆಗೆಯುವಾಗ ಹಿಂಬದಿಗೆ ಮಾರ್ಕರ್‌ನಲ್ಲಿ ಬರೆಯಿರಿ: ಎಡ ಒಳಗೆ, ಎಡ ಹೊರಗೆ, ಬಲ ಒಳಗೆ, ಬಲ ಹೊರಗೆ. ಯಾವ ತುದಿ ಮೇಲಿತ್ತು ಅಂತ ಒಂದು ಬಾಣದ ಗುರುತೂ ಹಾಕಿ. ನಾಲ್ಕೂ ಕಲೆತುಹೋದರೆ ಆಮೇಲೆ ಅಳೆದೂ ಪ್ರಯೋಜನ ಇಲ್ಲ. ಪುಡಿಯನ್ನು ಗಾಳಿ ಹೊಡೆದು ಊದಬೇಡಿ, ಬಾಯಲ್ಲೂ ಊದಬೇಡಿ. ಅದು ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಿ.

ಅಳೆಯಬೇಕಾದ್ದು ಕಪ್ಪು ಉಜ್ಜುವ ಪದರವನ್ನು ಮಾತ್ರ, ಹಿಂಬದಿ ಕಬ್ಬಿಣದ ಪಟ್ಟಿ ಸೇರಿಸಬೇಡಿ. ಎಷ್ಟೋ ಜನ ಎರಡೂ ಸೇರಿಸಿ ನೋಡಿ ಇನ್ನೂ ಬೇಕಾದಷ್ಟಿದೆ ಅಂದುಕೊಳ್ಳುತ್ತಾರೆ. ವರ್ನಿಯರ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಮಕ್ಕಳ ಸ್ಕೇಲೂ ನಡೆಯುತ್ತದೆ. ಪ್ರತಿ ಪ್ಯಾಡಿನ ನಾಲ್ಕು ಮೂಲೆಯಲ್ಲೂ ಅಳೆದು ಬರೆದುಕೊಳ್ಳಿ. 3 ಮಿ.ಮೀ.ಗೆ ಬಂದರೆ ಬದಲಾಯಿಸುವ ಹೊತ್ತು. ಒಳಗಿನದಕ್ಕೂ ಹೊರಗಿನದಕ್ಕೂ 1 ಮಿ.ಮೀ. ವ್ಯತ್ಯಾಸ ಇದ್ದರೆ ನಾನು ತಲೆಕೆಡಿಸಿಕೊಳ್ಳುವುದಿಲ್ಲ. 2 ದಾಟಿದರೆ ಕಾರಣ ಹುಡುಕುತ್ತೇನೆ.

ಈಗ ನಾಲ್ಕನ್ನೂ ಸಾಲಾಗಿ ಇಟ್ಟು ನೋಡಿ. ಒಳಗಿನದು ಸವೆದು ಹೊರಗಿನದು ದಪ್ಪ ಉಳಿದಿದ್ದರೆ ಕ್ಯಾಲಿಪರ್ ಜಾರುತ್ತಿಲ್ಲ, ಪಿಸ್ಟನ್ ಒಂದೇ ದುಡಿಯುತ್ತಿದೆ. ಮೊದಲು ಪಿನ್ ನೋಡಿ, ಪಿನ್ ಸರಿಯಿದ್ದರೆ ಪಿಸ್ಟನ್ ಹಿಂದೆ ಬರುತ್ತಿಲ್ಲ ಅಂತ ಅರ್ಥ. ಇದಕ್ಕೆ ತಿರುಗಾಮುರುಗಾ, ಅಂದರೆ ಹೊರಗಿನದು ಸವೆದು ಒಳಗಿನದು ದಪ್ಪ ಇರುವುದು ಅಪರೂಪ. ಆಗ ಕ್ಯಾಲಿಪರ್ ಒಳಕ್ಕೆ ಜಾರಿದ್ದು ವಾಪಸ್ ಹೋಗುತ್ತಿಲ್ಲ, ಇಲ್ಲವೇ ಹೊರಗಿನ ಪ್ಯಾಡ್ ತನ್ನ ಗೂಡಿನಲ್ಲೇ ಕಚ್ಚಿಕೊಂಡಿದೆ.

ಒಂದೇ ಪ್ಯಾಡ್ ಒಂದು ತುದಿಯಲ್ಲಿ ದಪ್ಪ, ಇನ್ನೊಂದು ತುದಿಯಲ್ಲಿ ತೆಳು ಇದ್ದರೆ ಎರಡು ಪಿನ್‌ಗಳಲ್ಲಿ ಒಂದು ಮಾತ್ರ ಜಾಮ್ ಆಗಿ ಕ್ಯಾಲಿಪರ್ ಓರೆಯಾಗಿ ಹಿಡಿಯುತ್ತಿದೆ. ಒಂದು ಬಾಗಿಲ ಕೀಲು ತುಕ್ಕು ಹಿಡಿದರೆ ಬಾಗಿಲು ಓರೆಯಾಗಿ ಎಳೆಯುತ್ತದಲ್ಲ, ಹಾಗೆ. ಡಿಸ್ಕ್ ತಿರುಗಿ ಬರುವ ಕಡೆಯ ತುದಿ ಕೂದಲೆಳೆಯಷ್ಟು ಜಾಸ್ತಿ ಸವೆಯುವುದು ಸಹಜ, ಅದನ್ನು ರೋಗ ಅಂದುಕೊಳ್ಳಬೇಡಿ.

ಒಂದು ಚಕ್ರದ ಎರಡೂ ಪ್ಯಾಡ್ ಸಮನಾಗಿ ಸವೆದು, ಇನ್ನೊಂದು ಚಕ್ರದ್ದು ದಪ್ಪ ಉಳಿದಿದ್ದರೆ ಆ ಕಡೆ ಪಿನ್ ಚೆನ್ನಾಗಿಯೇ ಇದೆ. ಬ್ರೇಕ್ ಬಿಡುತ್ತಿಲ್ಲ ಅಷ್ಟೇ. ಹ್ಯಾಂಡ್‌ಬ್ರೇಕ್ ಕೇಬಲ್, ಲಿವರ್, ಹೋಸ್, ಈ ಸಾಲಿನಲ್ಲಿ ನೋಡುತ್ತಾ ಹೋಗಿ.

ಹಿಂದಿನ ನಾಲ್ಕೂ ಸಮನಾಗಿ ಸವೆದು ಮುಂದಿನ ಪ್ಯಾಡಿಗಿಂತ ಬೇಗ ಮುಗಿದಿದ್ದರೆ ಹೆದರಬೇಡಿ. ಹಳೇ ಕಾರುಗಳಲ್ಲಿ ಮುಂದಿನದೇ ಮೊದಲು ಹೋಗುತ್ತಿತ್ತು. ಈಗಿನ ಕಾರುಗಳಲ್ಲಿ ಕಂಪ್ಯೂಟರ್ ಮೆಲ್ಲಗೆ ಬ್ರೇಕ್ ಒತ್ತಿದಾಗಲೂ ಹಿಂದಿನ ಚಕ್ರಗಳಿಗೆ ಸಾಕಷ್ಟು ಪಾಲು ಕೊಡುತ್ತದೆ, ಕಾರು ಅಡ್ಡ ಜಾರದಂತೆ ತಡೆಯಲೂ ಬ್ರೇಕ್ ಹಿಡಿಯುತ್ತದೆ. ಹಾಗಾಗಿ ಹಿಂದಿನದು ಮೊದಲು ಸವೆಯುವ ಕಾರುಗಳು ಈಗ ಸಾಕಷ್ಟಿವೆ. ಅರ್ಧ ಹ್ಯಾಂಡ್‌ಬ್ರೇಕ್ ಎಳೆದುಕೊಂಡೇ ಓಡಿಸುವ ಅಭ್ಯಾಸ ಮನೆಯಲ್ಲಿ ಯಾರಿಗೂ ಇಲ್ಲ ತಾನೇ ಅಂತ ಒಂದು ಸಲ ಕೇಳಿ ನೋಡಿ, ಅಷ್ಟೇ.

ಪಿನ್‌ಗಳು

ನನ್ನ ಅನುಭವದಲ್ಲಿ ನಮ್ಮ ಕಡೆ ಮೊದಲು ಅನುಮಾನ ಪಡಬೇಕಾದ್ದು ಇದನ್ನೇ. ನಾಲೆ ಏರಿಯ ಮಣ್ಣಿನ ರಸ್ತೆ, ಗದ್ದೆ ಬಯಲಿನ ಕೆಸರು, ಕಬ್ಬು ಕಡಿಯುವ ಕಾಲದಲ್ಲಿ ಟ್ರ್ಯಾಕ್ಟರ್‌ಗಳು ರಸ್ತೆಗೆ ತರುವ ಮಣ್ಣು, ಇದೆಲ್ಲ ಮುಂದಿನ ಚಕ್ರದಿಂದ ಎದ್ದು ನೇರವಾಗಿ ಹಿಂದಿನ ಕ್ಯಾಲಿಪರಿಗೆ ಬಡಿಯುತ್ತದೆ. ಆಮೇಲೆ ನಾವು ವಾಟರ್ ಸರ್ವೀಸಿಗೆ ಹೋಗಿ ಜೋರು ನೀರು ಹೊಡೆಸುತ್ತೇವೆ. ಪಿನ್ನನ್ನು ಮುಚ್ಚುವ ರಬ್ಬರ್ ಚೀಲ, ಅಂದರೆ ಬೂಟ್, ಚೂರು ಹರಿದಿದ್ದರೂ ನೀರು ಒಳಗೆ ಹೋಗಿ ಕೂರುತ್ತದೆ.

ಕ್ಯಾಲಿಪರನ್ನು ಎರಡೂ ಕೈಯಲ್ಲಿ ಹಿಡಿದು ಒಳಗೆ ಹೊರಗೆ ಅಲ್ಲಾಡಿಸಿ. ಸ್ವಲ್ಪವಾದರೂ ಜಾರಬೇಕು. ನನ್ನದು ಗೋಡೆ ಅಲ್ಲಾಡಿಸಿದ ಹಾಗಿತ್ತು. ಕೆಳಗಿನ ಬೋಲ್ಟ್ ಬಿಚ್ಚುವಾಗ ಪಿನ್ ಜೊತೆಯಲ್ಲೇ ತಿರುಗುತ್ತದೆ, ಅದನ್ನು ತೆಳು ಸ್ಪ್ಯಾನರಿನಲ್ಲಿ ಹಿಡಿದುಕೊಳ್ಳಿ. ಎರಡೂ ಬೋಲ್ಟ್ ತೆಗೆದ ಮೇಲೆ ಕ್ಯಾಲಿಪರನ್ನು ಹೋಸ್ ಮೇಲೆ ನೇತು ಬಿಡಬೇಡಿ. ಒಂದು ತಂತಿಯಲ್ಲಿ ಸಸ್ಪೆನ್ಷನ್ ಸ್ಪ್ರಿಂಗಿಗೆ ಕಟ್ಟಿ.

ನನ್ನ ಕಾರಿನಲ್ಲಿ ಮೇಲಿನ ಪಿನ್ ಎರಡು ಬೆರಳಲ್ಲೇ ಬಂತು. ಗ್ರೀಸ್ ಇನ್ನೂ ತಿಳಿಯಾಗಿತ್ತು. ಕೆಳಗಿನದು ಜಗ್ಗಿದರೂ ಬರಲಿಲ್ಲ. ಸ್ಪ್ಯಾನರ್ ಹಾಕಿ ಎಡಕ್ಕೆ ಬಲಕ್ಕೆ ತಿರುಗಿಸುತ್ತಾ, ತುಕ್ಕು ಬಿಡಿಸುವ ಎಣ್ಣೆ ಬಿಡುತ್ತಾ ಇಪ್ಪತ್ತು ನಿಮಿಷ ಒದ್ದಾಡಿದ ಮೇಲೆ ಕಿರ್ ಅಂತ ಹೊರಗೆ ಬಂತು. ಬೂಟ್‌ನ ಮಡಿಕೆಯಲ್ಲಿ ಉಗುರಿನಷ್ಟು ಸೀಳು. ಒಳಗಿದ್ದ ಗ್ರೀಸ್ ಮಣ್ಣು ಕಲೆತು, ಒಣಗಿ, ತಳ ಹಿಡಿದ ಮುದ್ದೆ ಪಾತ್ರೆಯ ಹಾಗೆ ಕಚ್ಚಿಕೊಂಡಿತ್ತು. ಪಿನ್ನಿನ ಒಂದು ಮಗ್ಗುಲಲ್ಲಿ ತುಕ್ಕಿನ ಕಲೆ. ಕೆಳಗಿನ ಪಿನ್ ಜಾಮ್, ಮೇಲಿನದು ಫ್ರೀ. ಹಾಗಾಗಿಯೇ ಹೊರಗಿನ ಪ್ಯಾಡ್ ಮೇಲ್ತುದಿಯಲ್ಲಿ 6, ಕೆಳತುದಿಯಲ್ಲಿ 8. ಪೇಪರ್ ಮೇಲೆ ಇಟ್ಟಿದ್ದ ಪ್ಯಾಡ್ ಹೇಳಿದ್ದೂ ಇದನ್ನೇ.

ಪಿನ್ ಮೇಲೆ ಗುಳಿ ಬಿದ್ದಿದ್ದರೆ ಉಜ್ಜಿ ಮತ್ತೆ ಹಾಕಬೇಡಿ, ಹೊಸದು ಹಾಕಿ. ಬೂಟ್ ಹರಿದಿದ್ದರೆ ಅದನ್ನೂ. ಪಿನ್ ಮತ್ತು ಬೂಟ್ ಸೇರಿಸಿ ಕಿಟ್ ಸಿಗುತ್ತದೆ, ಇಡೀ ಕ್ಯಾಲಿಪರ್ ಕೊಳ್ಳಬೇಕಾಗಿಲ್ಲ. ಮೇಲಿನ ಪಿನ್ ಕೆಳಗೆ, ಕೆಳಗಿನದು ಮೇಲೆ ಹಾಕಬೇಡಿ. ಕೆಲವು ಕಾರುಗಳಲ್ಲಿ ಒಂದು ಪಿನ್ನಿನ ತುದಿಗೆ ರಬ್ಬರ್ ಬುಷ್ ಇರುತ್ತದೆ, ಅದಕ್ಕೆ ಅದರದೇ ಜಾಗ.

ಗ್ರೀಸ್ ವಿಷಯದಲ್ಲಿ ಎಡವಟ್ಟು ಮಾಡಿಕೊಳ್ಳುವವರು ಜಾಸ್ತಿ. ಬೇರಿಂಗಿಗೆ ಹಾಕುವ ಮಾಮೂಲಿ ಗ್ರೀಸ್ ಇಲ್ಲಿ ಬೇಡವೇ ಬೇಡ. ಪೆಟ್ರೋಲಿಯಂ ಗ್ರೀಸ್ ತಾಗಿದರೆ ಬ್ರೇಕಿನ ರಬ್ಬರ್ ಉಬ್ಬುತ್ತದೆ. ಇವತ್ತು ಜಾರುವ ಪಿನ್ ಆರು ತಿಂಗಳಿಗೆ ಮೊದಲಿಗಿಂತ ಬಿಗಿಯಾಗುತ್ತದೆ. ಬ್ರೇಕ್ ಪಿನ್‌ಗೆ ಅಂತಲೇ ಬರುವ ಸಿಲಿಕೋನ್ ಗ್ರೀಸ್ ಕೇಳಿ ತನ್ನಿ. ತೆಳುವಾಗಿ ಸವರಿದರೆ ಸಾಕು. ಜಾಸ್ತಿ ತುಂಬಿದರೆ ಒಳಗಿನ ಗಾಳಿ ಹೊರಗೆ ಹೋಗಲು ಜಾಗ ಇಲ್ಲದೆ ಪಿನ್ನನ್ನು ವಾಪಸ್ ತಳ್ಳುತ್ತದೆ. ಪಿನ್ ಪೂರ್ತಿ ಒತ್ತಿ, ಬೂಟ್‌ನ ಅಂಚನ್ನು ಒಂದು ಕ್ಷಣ ಎತ್ತಿ ಗಾಳಿ ಬಿಟ್ಟು ಕೂರಿಸಿ.

ಇಷ್ಟು ಮಾಡುವಾಗಲೇ ಪ್ಯಾಡ್ ಕೂರುವ ಗೂಡನ್ನೂ ನೋಡಿ. ಪ್ಯಾಡಿನ ಎರಡು ಕಿವಿಗಳು ಸ್ಟೀಲ್ ಕ್ಲಿಪ್ ಮೇಲೆ ಜಾರುತ್ತವೆ. ಕ್ಲಿಪ್ ಕೆಳಗೆ ತುಕ್ಕು ಬೆಳೆದರೆ ಅದು ಕ್ಲಿಪ್ಪನ್ನು ಮೇಲಕ್ಕೆ ಉಬ್ಬಿಸಿ ಪ್ಯಾಡನ್ನು ಕಚ್ಚಿ ಹಿಡಿಯುತ್ತದೆ. ಕ್ಲಿಪ್ ತೆಗೆದು ತಂತಿ ಬ್ರಷ್‌ನಲ್ಲಿ ತುಕ್ಕು ಕೆರೆಯಿರಿ. ಹೊಸ ಪ್ಯಾಡ್ ಬೆರಳಲ್ಲಿ ತಳ್ಳಿದರೆ ಜಾರಬೇಕು. ಸುತ್ತಿಗೆಯಲ್ಲಿ ಬಡಿದು ಕೂರಿಸುವುದನ್ನು ಕಂಡರೆ ಅಲ್ಲೇ ತಡೆಯಿರಿ.

ಹ್ಯಾಂಡ್‌ಬ್ರೇಕ್

ಎಷ್ಟೋ ಕಾರುಗಳಲ್ಲಿ ಹ್ಯಾಂಡ್‌ಬ್ರೇಕ್ ಕೇಬಲ್ ಬಂದು ಕ್ಯಾಲಿಪರ್ ಹಿಂಬದಿಯ ಒಂದು ಲಿವರಿಗೆ ಸೇರುತ್ತದೆ. ಹ್ಯಾಂಡಲ್ ಎಳೆದಾಗ ಲಿವರ್ ತಿರುಗಿ ಪಿಸ್ಟನ್ನನ್ನು ತಳ್ಳುತ್ತದೆ. ಬಿಟ್ಟಾಗ ಲಿವರ್ ಪೂರ್ತಿ ಹಿಂದೆ ಬಂದು ತನ್ನ ಸ್ಟಾಪರಿಗೆ ತಾಗಬೇಕು. ಅಲ್ಲಿಗೂ ಲಿವರಿಗೂ ಸಂದಿ ಕಂಡರೆ ಆ ಚಕ್ರ ಯಾವಾಗಲೂ ಸ್ವಲ್ಪ ಹಿಡಿದೇ ಇರುತ್ತದೆ. ಟಾರ್ಚ್ ಬಿಟ್ಟು ಎರಡೂ ಕಡೆ ನೋಡಿ. ಸಂದಿ ಇದ್ದರೆ ಕೇಬಲ್ ಕಳಚಿ. ಕಳಚಿದ ತಕ್ಷಣ ಲಿವರ್ ಟಕ್ ಅಂತ ಹಿಂದೆ ಹೋದರೆ ಕೇಬಲ್ಲೇ ಜಾಮ್. ಕಳಚಿದ ಮೇಲೂ ಸೋಮಾರಿಯಾಗಿ ಅಲ್ಲೇ ನಿಂತರೆ ಲಿವರಿನ ಅಚ್ಚು ತುಕ್ಕು ಹಿಡಿದಿದೆ, ಆ ಕ್ಯಾಲಿಪರ್ ರಿಪೇರಿ ಆಗಬೇಕು ಅಥವಾ ಬದಲಾಗಬೇಕು.

ಹ್ಯಾಂಡಲ್ ಜಾಸ್ತಿ ಮೇಲೆ ಬರುತ್ತಿದೆ ಅಂತ ಹೇಳಿದರೆ ಕೆಲವರು ಒಳಗಡೆ ಕೇಬಲ್ ನಟ್ಟು ಬಿಗಿ ಮಾಡಿ ಕಳಿಸುತ್ತಾರೆ. ಹ್ಯಾಂಡಲ್ ಸರಿಹೋಗುತ್ತದೆ, ಆದರೆ ಕೆಳಗೆ ಲಿವರ್ ಸ್ಟಾಪರ್ ಬಿಟ್ಟು ನಿಲ್ಲುತ್ತದೆ. ಹೊಟ್ಟೆನೋವಿಗೆ ತಲೆಗೆ ಪಟ್ಟಿ ಕಟ್ಟಿದ ಹಾಗೆ. ಮೊದಲು ಪ್ಯಾಡ್, ಪಿಸ್ಟನ್ ಸರಿಮಾಡಿಸಿ, ಕೇಬಲ್ ಕೊನೆಗೆ.

ಆಯುಧಪೂಜೆಯ ದಿನ ನಾವೆಲ್ಲ ಮಾಡುವ ಒಂದು ಕೆಲಸ ಇದೆ. ಕಾರು ತೊಳೆದು, ಒದ್ದೆ ಇರುವಾಗಲೇ ಹ್ಯಾಂಡ್‌ಬ್ರೇಕ್ ಎಳೆದು, ಪೂಜೆ ಮಾಡಿ, ರಜೆ ಮುಗಿಯುವವರೆಗೆ ಹಾಗೇ ಬಿಡುತ್ತೇವೆ. ಒದ್ದೆ ಡಿಸ್ಕಿಗೆ ಪ್ಯಾಡ್ ಅಂಟಿ ತುಕ್ಕು ಹಿಡಿಯುತ್ತದೆ. ಮೂರು ದಿನ ಬಿಟ್ಟು ಹೊರಟಾಗ ಹಿಂದಿನಿಂದ ಟಪ್ ಅಂತ ಬಿಡುವ ಸದ್ದು ಅದೇ. ಪ್ಯಾಡಿನ ಅಂಚು ಕೆಲವೊಮ್ಮೆ ಅಲ್ಲೇ ಕಿತ್ತುಬರುತ್ತದೆ. ತೊಳೆದ ಮೇಲೆ ಒಂದು ಸುತ್ತು ಓಡಿಸಿ ನಾಲ್ಕೈದು ಸಲ ಬ್ರೇಕ್ ಒತ್ತಿ ಒಣಗಿಸಿ. ಸಮತಟ್ಟು ಜಾಗದಲ್ಲಿ ದಿನಗಟ್ಟಲೆ ನಿಲ್ಲಿಸುವುದಾದರೆ ಗೇರಿನಲ್ಲಿಟ್ಟು ಚಕ್ರಕ್ಕೆ ಕಲ್ಲು ಕೊಡಿ, ಹ್ಯಾಂಡ್‌ಬ್ರೇಕ್ ಬೇಡ. ಬೆಟ್ಟದ ಇಳಿಜಾರಿನಲ್ಲಿ ನಿಲ್ಲಿಸುವಾಗ ಬೇಕೇ ಬೇಕು, ಅದು ಬೇರೆ ಮಾತು.

ಪಿಸ್ಟನ್, ಹೋಸ್, ಡಿಸ್ಕ್

ಹ್ಯಾಂಡ್‌ಬ್ರೇಕ್ ಲಿವರ್ ಇರುವ ಕ್ಯಾಲಿಪರಿನ ಪಿಸ್ಟನ್ನನ್ನು ಕ್ಲಾಂಪ್ ಹಾಕಿ ಒತ್ತಬಾರದು. ಅದು ತಿರುಪಿನ ಹಾಗೆ ತಿರುಗಿಸುತ್ತಾ ಒಳಗೆ ಹೋಗುವಂಥದ್ದು. ಒತ್ತಿದರೆ ಒಳಗಿನ ತಾನಾಗಿ ಹೊಂದಿಕೊಳ್ಳುವ ಭಾಗ ಮುರಿಯುತ್ತದೆ. ತಿರುಗಿಸಲು ಬೇರೆ ಟೂಲ್ ಇದೆ. ಸಾಮಾನ್ಯವಾಗಿ ಗಡಿಯಾರದ ದಿಕ್ಕು, ಕೆಲವು ಕಾರುಗಳಲ್ಲಿ ಒಂದು ಕಡೆಯದು ಉಲ್ಟಾ. ಬಟನ್ ಒತ್ತಿದರೆ ಹಿಡಿಯುವ ಎಲೆಕ್ಟ್ರಿಕ್ ಹ್ಯಾಂಡ್‌ಬ್ರೇಕ್ ಇದ್ದರೆ ಮೊದಲು ಕಾರನ್ನು ಸರ್ವೀಸ್ ಮೋಡ್‌ಗೆ, ಅಂದರೆ ರಿಪೇರಿಗೆ ಬ್ರೇಕ್ ಬಿಡಿಸಿಡುವ ಸ್ಥಿತಿಗೆ, ಹಾಕಬೇಕು. ಅದು ಗೊತ್ತಿಲ್ಲದೆ ಕೈ ಹಾಕಬೇಡಿ.

ಪಿಸ್ಟನ್ ಮುಖದ ಮೇಲೆ ಕೂಡುವ ಗುರುತಿನ ಹಾಗೆ ಗೀರುಗಳಿರುತ್ತವೆ. ಇಂಥ ಎಷ್ಟೋ ಕ್ಯಾಲಿಪರ್‌ಗಳಲ್ಲಿ ಒಳಗಿನ ಪ್ಯಾಡಿನ ಹಿಂಬದಿಯಲ್ಲಿ ಕಡಲೆಕಾಳಿನಷ್ಟು ಒಂದು ಮೊಳೆ ಇರುತ್ತದೆ. ಆ ಮೊಳೆ ಗೀರಿನೊಳಗೆ ಕೂರಬೇಕು. ಅವಸರದಲ್ಲಿ ಪಿಸ್ಟನ್ ತಿರುಗಿಸಿ ಗೀರನ್ನು ಸರಿಯಾಗಿ ನಿಲ್ಲಿಸದಿದ್ದರೆ ಮೊಳೆ ಗೀರಿನ ಪಕ್ಕ ಏರಿ ಕೂತು ಪ್ಯಾಡ್ ಮೊದಲ ದಿನದಿಂದಲೇ ಓರೆ. ಹೊಸ ಪ್ಯಾಡ್ ಹಾಕಿದ ಮೇಲೆ ಓರೆ ಸವೆತ ಶುರುವಾಗಿದ್ದರೆ, ಪಿನ್ನೂ ಫ್ರೀ ಇದ್ದರೆ, ಇದನ್ನು ನೋಡದೆ ಬಿಡಬೇಡಿ.

ಹೋಸ್ ಮೋಸ ಮಾಡುತ್ತದೆ. ಹೊರಗಿನಿಂದ ಹೊಸದರ ಹಾಗಿದ್ದು ಒಳಗೆ ಊದಿಕೊಂಡಿರುತ್ತದೆ. ಪೆಡಲ್ ಒತ್ತಿದಾಗ ಆಯಿಲ್ ಹೋಗುತ್ತದೆ, ವಾಪಸ್ ಬರುವುದಿಲ್ಲ. ಬ್ರೇಕ್ ಒತ್ತಿ ಬಿಟ್ಟ ಮೇಲೆ ಚಕ್ರ ಬಿಗಿಯಾಗಿದ್ದಾಗ ಕ್ಯಾಲಿಪರಿನ ಬ್ಲೀಡ್ ನಿಪ್ಪಲ್ (ಆಯಿಲ್, ಗಾಳಿ ಹೊರಗೆ ಬಿಡುವ ಸಣ್ಣ ತಿರುಪು) ಸಡಿಲ ಮಾಡಿ ನೋಡಬೇಕು. ಆಯಿಲ್ ಚಿಮ್ಮಿ ಚಕ್ರ ತಕ್ಷಣ ಫ್ರೀ ಆದರೆ ಒತ್ತಡ ಒಳಗೇ ಸಿಕ್ಕಿಕೊಂಡಿತ್ತು, ಹೋಸ್ ಬದಲಾಯಿಸಿ. ಆಗಲೂ ಬಿಗಿಯಾಗೇ ಇದ್ದರೆ ಪಿನ್ ಅಥವಾ ಪಿಸ್ಟನ್. ಈ ಪರೀಕ್ಷೆಯನ್ನು ಮೆಕ್ಯಾನಿಕ್ ಕೈಯಲ್ಲೇ ಮಾಡಿಸಿ, ಆಮೇಲೆ ಗಾಳಿ ತೆಗೆಯುವ ಕೆಲಸ ಇರುತ್ತದೆ. ಆಯಿಲ್ ಎರಡು ವರ್ಷ ದಾಟಿದ್ದರೆ ಇದೇ ನೆಪದಲ್ಲಿ ಬದಲಾಯಿಸಿ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ, ಆ ನೀರೇ ಪಿಸ್ಟನ್ನಿಗೆ ತುಕ್ಕು ತರುವುದು. ಬಾನೆಟ್ ಕೆಳಗಿನ ಬ್ರೇಕ್ ಆಯಿಲ್ ಡಬ್ಬದ ಮುಚ್ಚಳದ ಮೇಲೆ ಡಾಟ್ 3 ಅಥವಾ ಡಾಟ್ 4 ಅಂತ ಬರೆದಿರುವುದನ್ನೇ ಹಾಕಿ.

ಡಿಸ್ಕಿನ ಹೊರಮುಖ ಚಕ್ರದ ಸಂದಿಯಿಂದಲೇ ಕಾಣುತ್ತದೆ, ಒಳಮುಖವನ್ನು ಯಾರೂ ನೋಡುವುದಿಲ್ಲ. ಮೊಬೈಲ್ ಹಿಂದೆ ಹಿಡಿದು ಫೋಟೋ ತೆಗೆಯಿರಿ. ಒಂದು ಪಟ್ಟಿಯಷ್ಟು ತುಕ್ಕು ಉಳಿದಿದ್ದರೆ ಅಲ್ಲಿಗೆ ಪ್ಯಾಡ್ ತಾಗುತ್ತಿಲ್ಲ ಅಂತ ಅರ್ಥ. ಕನಿಷ್ಠ ದಪ್ಪ ಎಷ್ಟಿರಬೇಕು ಅಂತ ಸಾಮಾನ್ಯವಾಗಿ ಡಿಸ್ಕಿನ ಮೇಲೆಯೇ ಕೆತ್ತಿರುತ್ತಾರೆ. ಅದಕ್ಕಿಂತ ತೆಳುವಾದದ್ದನ್ನು ಲೇತ್ ಮೇಲೆ ಹಾಕಿಸಲು ಹೋಗಬೇಡಿ.

ಗ್ಯಾರೇಜಿಗೆ ಹೋದಾಗ

ಎಲ್ಲವನ್ನೂ ಮನೆಯಲ್ಲೇ ಮಾಡಬೇಕಾಗಿಲ್ಲ. ಬನ್ನಿಮಂಟಪದ ಗ್ಯಾರೇಜಿಗೆ ಹೋಗಿ, ಮಂಡ್ಯದಲ್ಲಿ ನಿಮ್ಮ ಗುರುತಿನ ಮೆಕ್ಯಾನಿಕ್ ಹತ್ತಿರ ಹೋಗಿ, ಕೆಲಸಕ್ಕೆ ಮುಂಚೆ ಇಷ್ಟು ಹೇಳಿ: "ಅಣ್ಣ, ಹಳೇ ಪ್ಯಾಡ್ ನಾಲ್ಕೂ ಎಸೀಬೇಡಿ, ಗುರುತು ಹಾಕಿ ಕೊಡಿ. ಪಿನ್ ಬಿಚ್ಚಿದಾಗ ಒಂದ್ಸಲ ಕರೀರಿ, ನೋಡ್ತೀನಿ." ಒಳ್ಳೆಯ ಮೆಕ್ಯಾನಿಕ್ ಇದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ. ನನ್ನ ಪಿನ್ ನೋಡಿದ ಮೆಕ್ಯಾನಿಕ್ ತಾವಾಗಿಯೇ ಬಲಗಡೆಯದನ್ನೂ ಬಿಚ್ಚಿ ತೋರಿಸಿದರು. ಅಲ್ಲಿಯೂ ಗ್ರೀಸ್ ಒಣಗಲು ಶುರುವಾಗಿತ್ತು.

ಪ್ಯಾಡ್ ಯಾವಾಗಲೂ ಎರಡೂ ಚಕ್ರಕ್ಕೆ ಒಟ್ಟಿಗೆ ಹಾಕಿಸಿ, ಒಂದೇ ಕಡೆಗೆ ಬೇಡ. ಚಕ್ರ ಹಾಕಿದ ಮೇಲೆ ಕಾರು ಕದಲಿಸುವ ಮುಂಚೆ ಪೆಡಲನ್ನು ಗಟ್ಟಿಯಾಗುವವರೆಗೆ ಹತ್ತಾರು ಸಲ ಒತ್ತಿ. ಪಿಸ್ಟನ್ ಹಿಂದೆ ಹೋಗಿರುತ್ತದೆ, ಮೊದಲ ಒತ್ತಿಗೆ ಬ್ರೇಕ್ ಸಿಗುವುದಿಲ್ಲ. ಇದನ್ನು ಮರೆತು ಗೇಟಿಗೆ ಗುದ್ದಿದವರನ್ನು ನೋಡಿದ್ದೇನೆ. ಆಮೇಲೆ ಬೆಳಗ್ಗೆ ಖಾಲಿ ರಸ್ತೆಯಲ್ಲಿ, ಹಿಂದೆ ಯಾರೂ ಇಲ್ಲದಾಗ, 50ರ ವೇಗದಿಂದ 10ಕ್ಕೆ ಮಿತವಾಗಿ ಬ್ರೇಕ್ ಒತ್ತಿ ಇಳಿಸಿ. ನಡುವೆ ಆರಲು ಬಿಡುತ್ತಾ ಹತ್ತು ಹನ್ನೆರಡು ಸಲ ಮಾಡಿದರೆ ಹೊಸ ಪ್ಯಾಡ್ ಡಿಸ್ಕಿಗೆ ಹೊಂದಿಕೊಳ್ಳುತ್ತದೆ.

ಅದೇ ವಾರ ಮತ್ತೆ ಬಿಸಿ ಅಳೆಯಿರಿ, 1,000 ಕಿ.ಮೀ. ಆದ ಮೇಲೆ ಇನ್ನೊಮ್ಮೆ. ನಾನು ಹೊಸ ಪಿನ್, ಬೂಟ್ ಹಾಕಿಸಿದ ಮೇಲೆ ಶ್ರೀರಂಗಪಟ್ಟಣದ ಹತ್ತಿರ ಸರ್ವೀಸ್ ರಸ್ತೆಗೆ ಇಳಿದು ನೋಡಿದೆ: ಬಲಗಡೆ 46, ಎಡಗಡೆ 49. ಆರು ತಿಂಗಳಿಗೆ ಚಕ್ರ ಬಿಚ್ಚಿ ಪ್ಯಾಡ್ ಅಳೆದಾಗ ನಾಲ್ಕರ ನಡುವೆ ಅರ್ಧ ಮಿ.ಮೀ. ವ್ಯತ್ಯಾಸವೂ ಇರಲಿಲ್ಲ. ಆ ಅಂಕಿಗಳನ್ನು ಸರ್ವೀಸ್ ಪುಸ್ತಕದ ಕೊನೆಯ ಹಾಳೆಯಲ್ಲಿ ತಾರೀಕು ಹಾಕಿ ಬರೆದಿಟ್ಟಿದ್ದೇನೆ, ಮುಂದಿನ ಸಲ ಹೋಲಿಸಲು.